420 ಮನೆಗಳಿಂದ ಇಡೀ ಊರಿನ ಲೆಕ್ಕ: ಗುಣಿಸುವ ಮೊದಲು ನೋಡಬೇಕಾದುದೇನು?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಊರಿನ ನೀರಿನ ಬಳಕೆಯ ಬಗ್ಗೆ ಸಮೀಕ್ಷೆ ನಡೆಸಿದ್ದಾರೆ. ಪುರಸಭೆಯ ಆಸ್ತಿ ತೆರಿಗೆ ವಹಿಯಲ್ಲಿ 140 ಬೀದಿಗಳೂ 12,600 ನಮೂದುಗಳೂ ಇವೆ. ಚೀಟಿ ಎತ್ತಿ 14 ಬೀದಿಗಳನ್ನು ಆರಿಸಿಕೊಂಡು, ಪ್ರತಿ ಬೀದಿಯಲ್ಲಿ ವಹಿಯ ಕ್ರಮದಂತೆ ಸಮಾನ ಅಂತರ ಬಿಟ್ಟು, 30ರಂತೆ ಒಟ್ಟು 420 ಮನೆಗಳಿಂದ ಮಾಹಿತಿ ಪಡೆದೆವು. ಇದಕ್ಕಾಗಿ ವಹಿಯ 500 ನಮೂದುಗಳ ಬಳಿ ಹೋಗಬೇಕಾಯಿತು: 40 ಕಡೆ ಅಂಗಡಿ, ಗೋದಾಮು ಅಥವಾ ಖಾಲಿ ನಿವೇಶನವಿತ್ತು, ಇನ್ನು 40 ಮನೆಗಳಿಗೆ ಬೀಗ ಹಾಕಿತ್ತು. 420ರಲ್ಲಿ 147 ಮನೆಗಳಿಗೆ ಸ್ವಂತ ಕೊಳವೆಬಾವಿ ಇದೆ. ಬೀದಿವಾರು ಸಂಖ್ಯೆ ಹೀಗಿದೆ: 2, 3, 4, 5, 6, 8, 9, 10, 12, 14, 16, 18, 19, 21. ಪುರಸಭೆಯ ನಲ್ಲಿ ಸಂಪರ್ಕವಿರುವ 294 ಮನೆಗಳಲ್ಲಿ 84ಕ್ಕೂ, ನಲ್ಲಿ ಇಲ್ಲದ 126 ಮನೆಗಳಲ್ಲಿ 63ಕ್ಕೂ ಕೊಳವೆಬಾವಿ ಇದೆ. ಊರಿನಲ್ಲಿ ಒಟ್ಟು 9,450 ಗೃಹಬಳಕೆಯ ನಲ್ಲಿ ಸಂಪರ್ಕಗಳಿವೆ ಎಂದು ಪುರಸಭೆ ತಿಳಿಸಿದೆ. 147 ಎಂದರೆ ಶೇ. 35 ಆದುದರಿಂದ, ಊರಿನಲ್ಲಿ 4,410 ಕೊಳವೆಬಾವಿಗಳಿವೆ ಎಂದು ವರದಿಯಲ್ಲಿ ಬರೆಯಬಹುದೇ? ಕನಿಷ್ಠ ಶೇ. 10ರಷ್ಟು ಮನೆಗಳನ್ನು ನೋಡದಿದ್ದರೆ ಅಂದಾಜು ನಿಲ್ಲುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೇ? ಪುರಸಭಾ ಸದಸ್ಯರು ವಾರ್ಡ್‌ವಾರು ಸಂಖ್ಯೆಯನ್ನೂ ಕೇಳುತ್ತಿದ್ದಾರೆ. ಅದನ್ನು ಕೊಡಬಹುದೇ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ಬೀದಿಗಳನ್ನು ಚೀಟಿ ಎತ್ತಿ ಆರಿಸಿದ್ದಾರೆ, ಮನೆ ಸಿಗದ ಕಡೆ ಏನಾಯಿತೆಂಬುದನ್ನು ಬರೆದಿಟ್ಟಿದ್ದಾರೆ, ಬೀದಿವಾರು ಅಂಕಿಗಳನ್ನು ಉಳಿಸಿಕೊಂಡಿದ್ದಾರೆ. ಈ ಮೂರೂ ಇರುವುದರಿಂದಲೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳಲು ಸಾಧ್ಯವಾಗಿದೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. 4,410 ಎಂಬ ಸಂಖ್ಯೆಯನ್ನು ಈಗಿರುವಂತೆ ವರದಿಯಲ್ಲಿ ಹಾಕಬೇಡಿ. ನೀವು ಕೊಟ್ಟಿರುವ ಮಾಹಿತಿಯಿಂದಲೇ ಅದು ಸುಮಾರು 3,800ಕ್ಕೆ ಇಳಿಯುತ್ತದೆ, ಮತ್ತು ಅದರ ಸುತ್ತಲಿನ ಅನಿಶ್ಚಿತತೆ 2,400ರಿಂದ 5,200ರವರೆಗೆ ಹರಡಿಕೊಂಡಿದೆ. ಇನ್ನೂ ಮುಖ್ಯವಾದ ಮಾತೆಂದರೆ, ಇದು ಕೊಳವೆಬಾವಿ ಇರುವ ಮನೆಗಳ ಸಂಖ್ಯೆಯೇ ಹೊರತು ಕೊಳವೆಬಾವಿಗಳ ಸಂಖ್ಯೆಯಲ್ಲ. ಸಹೋದ್ಯೋಗಿಗಳು ಹೇಳುವ ಶೇ. 10ರ ನಿಯಮಕ್ಕೆ ಆಧಾರವಿಲ್ಲ. ವಾರ್ಡ್‌ವಾರು ಸಂಖ್ಯೆಯನ್ನು ಈ ಸಮೀಕ್ಷೆಯಿಂದ ಕೊಡಲಾಗದು.

ಇನ್ನು ಕಾರಣಗಳಿಗೆ ಬರೋಣ. 12,600ರಲ್ಲಿ 420 ಎಂದರೆ ಮೂವತ್ತಕ್ಕೆ ಒಂದು. ಪ್ರತಿ ಮನೆಗೂ ಆಯ್ಕೆಯಾಗುವ ಅವಕಾಶ ಸಮನಾಗಿದ್ದರೆ, ಮಾದರಿಯಲ್ಲಿರುವ ಒಂದೊಂದು ಮನೆಯೂ ತನ್ನನ್ನೂ ಸೇರಿಸಿ 30 ಮನೆಗಳ ಪರವಾಗಿ ಮಾತನಾಡುತ್ತದೆ. 147ನ್ನು 30ರಿಂದ ಗುಣಿಸಿದರೂ, ಶೇ. 35ನ್ನು 12,600ಕ್ಕೆ ಅನ್ವಯಿಸಿದರೂ 4,410 ಬರುವುದು ಈ ಕಾರಣದಿಂದಲೇ. ಈ 30ನ್ನು ಸಮೀಕ್ಷೆಯ ಭಾಷೆಯಲ್ಲಿ ಗುಣಕ ಎನ್ನುತ್ತಾರೆ. 1950ರಿಂದ ನಡೆಯುತ್ತಿರುವ ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯ ದತ್ತಾಂಶವನ್ನು ತೆರೆದು ನೋಡಿದರೆ, ಪ್ರತಿ ಕುಟುಂಬದ ದಾಖಲೆಯ ಜೊತೆಗೂ ಇಂಥದೊಂದು ಗುಣಕ ಇರುವುದು ಕಾಣುತ್ತದೆ. ಪಾಲನ್ನು ಗುಣಿಸಿ ಮೊತ್ತ ಪಡೆಯುವ ವಿಧಾನದಲ್ಲಿ ತಪ್ಪೇನೂ ಇಲ್ಲ. ಆದರೆ ಗುಣಾಕಾರವು ಪಾಲಿನಲ್ಲಿರುವ ದೋಷವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ಮರೆಯಬಾರದು. ಶೇ. 35ರ ಬದಲು ಶೇ. 36 ಎಂದಾಗ ಯಾರಿಗೂ ದೊಡ್ಡ ವ್ಯತ್ಯಾಸವೆನಿಸುವುದಿಲ್ಲ. ಮೊತ್ತಕ್ಕೆ ತಂದಾಗ ಅದೇ ವ್ಯತ್ಯಾಸ 126 ಮನೆಗಳಾಗುತ್ತದೆ.

420 ಮನೆಗಳನ್ನು ಇಡೀ ವಹಿಯಿಂದ ಒಂದೊಂದಾಗಿ ಚೀಟಿ ಎತ್ತಿ ಆರಿಸಿದ್ದರೆ ಎಷ್ಟು ದೋಷವಿರುತ್ತಿತ್ತೆಂದು ಲೆಕ್ಕ ಹಾಕೋಣ. 0.35ನ್ನು 0.65ರಿಂದ ಗುಣಿಸಿ, 420ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0233 ಬರುತ್ತದೆ. ಇದು ಪಾಲಿನ ಪ್ರಮಾಣಿತ ದೋಷ, ಅಂದರೆ ಮಾದರಿಯಿಂದ ಮಾದರಿಗೆ ಪಾಲು ಸಾಮಾನ್ಯವಾಗಿ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ. ಊರಿನ ಮೂವತ್ತರಲ್ಲೊಂದು ಭಾಗವನ್ನು ನಾವು ನೋಡಿಯೇ ಇರುವುದರಿಂದ ಅದು 0.0229ಕ್ಕೆ ಇಳಿಯುತ್ತದೆ. ಇದನ್ನು ಶೇ. 95ರ ಭರವಸೆಯ ಅಂತರಕ್ಕೆ ಬಳಸುವ 1.96ರಿಂದಲೂ 12,600ರಿಂದಲೂ ಗುಣಿಸಿದರೆ ಸುಮಾರು 565. ಅಂದರೆ 4,410ರ ಎರಡೂ ಬದಿಗೆ 565, ಸುಮಾರು 3,845ರಿಂದ 4,975ರವರೆಗೆ. ಇದೇ ರೀತಿ ಮತ್ತೆ ಮತ್ತೆ ಮಾದರಿ ಎತ್ತಿ ಪ್ರತಿ ಬಾರಿಯೂ ಇಂಥ ಅಂತರವನ್ನು ಕಟ್ಟಿದರೆ, ನೂರರಲ್ಲಿ ಸುಮಾರು 95 ಅಂತರಗಳು ಊರಿನ ನಿಜವಾದ ಮೊತ್ತವನ್ನು ಒಳಗೊಂಡಿರುತ್ತವೆ ಎಂಬುದು ಇದರ ಅರ್ಥ.

ಸಹೋದ್ಯೋಗಿಗಳ ಆಕ್ಷೇಪಕ್ಕೆ ಉತ್ತರ ಈ ಲೆಕ್ಕದಲ್ಲಿಯೇ ಇದೆ. ದೋಷವನ್ನು ನಿರ್ಧರಿಸಿದ್ದು ಮುಖ್ಯವಾಗಿ 420 ಎಂಬ ಸಂಖ್ಯೆ. 420 ಎಂಬುದು ಊರಿನ ಎಷ್ಟನೆಯ ಪಾಲು ಎಂಬುದು ಅದನ್ನು 0.0233ರಿಂದ 0.0229ಕ್ಕೆ ಇಳಿಸಿತು, ಅಷ್ಟೇ. ಇಡೀ ಕರ್ನಾಟಕದ ಒಂದು ಕೋಟಿಗೂ ಹೆಚ್ಚು ಮನೆಗಳಿಂದ 420 ಮನೆಗಳನ್ನು ಚೀಟಿ ಎತ್ತಿ ನೋಡಿದ್ದರೂ ಶೇಕಡಾವಾರಿನಲ್ಲಿ ದೋಷ ಹೆಚ್ಚುಕಡಿಮೆ ಇಷ್ಟೇ ಇರುತ್ತಿತ್ತು. ದೊಡ್ಡ ಸಮಷ್ಟಿಗೆ, ಅಂದರೆ ಅಂದಾಜು ಮಾಡಬೇಕಾದ ಇಡೀ ಗುಂಪು ದೊಡ್ಡದಾದರೆ, ದೊಡ್ಡ ಮಾದರಿಯೇ ಬೇಕು ಎಂಬ ನಂಬಿಕೆ ಬಹಳ ಸಹಜವಾದದ್ದು, ವಿದ್ಯಾವಂತರಲ್ಲಿಯೂ ಗಟ್ಟಿಯಾಗಿ ಬೇರೂರಿರುವಂಥದ್ದು. ಅನ್ನ ಬೆಂದಿದೆಯೇ ಎಂದು ನೋಡಲು ಮನೆಯ ಪಾತ್ರೆಗೂ ಮದುವೆಯ ಹಂಡೆಗೂ ನಾವು ಒಂದೆರಡು ಅಗುಳನ್ನೇ ಹಿಸುಕಿ ನೋಡುತ್ತೇವಲ್ಲ, ಇದೂ ಹಾಗೆಯೇ, ಆದರೆ ಹಂಡೆಯನ್ನು ಚೆನ್ನಾಗಿ ತಿರುವಿರಬೇಕು. ಶೇ. 10ರಂತೆ 1,260 ಮನೆಗಳನ್ನು ನೋಡಿದ್ದರೆ 565ರ ದೋಷ ಸುಮಾರು 315ಕ್ಕೆ ಇಳಿಯುತ್ತಿತ್ತು. ಕೆಲಸ ಮೂರು ಪಟ್ಟಾದರೂ ದೋಷ ಅರ್ಧಕ್ಕೂ ಇಳಿಯುವುದಿಲ್ಲ. ಅಷ್ಟು ಶ್ರಮವನ್ನು ಬೇರೆ ಕಡೆ ಹಾಕುವುದು ಜಾಣತನ. ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಸಮೀಕ್ಷೆಯ ನಿಜವಾದ ತೊಡಕು ಬೀದಿಗಳಲ್ಲಿದೆ. ನೀವು ಮನೆಗಳನ್ನು ಬಿಡಿಬಿಡಿಯಾಗಿ ಆರಿಸಲಿಲ್ಲ. 14 ಬೀದಿಗಳನ್ನು ಆರಿಸಿ ಅವುಗಳೊಳಗೆ 30 ಮನೆಗಳಂತೆ ಹೋದಿರಿ. ಇದು ಗುಚ್ಛ ಮಾದರಿ. ಓಡಾಟ ಉಳಿಯುತ್ತದೆ ಎಂಬ ಕಾರಣಕ್ಕೆ ಎಲ್ಲರೂ ಬಳಸುವ ಪದ್ಧತಿಯೇ ಇದು, ತಪ್ಪಲ್ಲ. ಆದರೆ ಒಂದೇ ಬೀದಿಯ ಮನೆಗಳು ಒಂದನ್ನೊಂದು ಹೋಲುತ್ತವೆ. ನಿವೇಶನದ ಅಳತೆ, ಬಡಾವಣೆ ಆದ ಕಾಲ, ಅಂತರ್ಜಲದ ಆಳ, ಮನೆಯವರ ಆದಾಯ, ನಲ್ಲಿ ನೀರು ಬರುವ ದಿನಗಳು, ಇವೆಲ್ಲ ಬೀದಿಗೆ ಬೀದಿಯೇ ಒಂದು ತೆರನಾಗಿರುತ್ತವೆ. ಹೊಸ ಬಡಾವಣೆಯೊಂದರ ಬೀದಿಯಲ್ಲಿ ಹತ್ತು ಮನೆಗಳನ್ನು ನೋಡಿದ ಮೇಲೆ ಹನ್ನೊಂದನೆಯ ಮನೆ ಹೊಸದಾಗಿ ಹೇಳುವುದು ಬಹಳ ಕಡಿಮೆ. ಹಾಗಾಗಿ 420 ಮನೆಗಳಿದ್ದರೂ ನಿಮ್ಮ ಕೈಯಲ್ಲಿರುವ ಸ್ವತಂತ್ರ ಮಾಹಿತಿ 420 ಮನೆಗಳಷ್ಟಿಲ್ಲ.

ಎಷ್ಟಿದೆ ಎಂಬುದನ್ನು ಊಹಿಸಬೇಕಾಗಿಲ್ಲ, ನಿಮ್ಮ ಅಂಕಿಗಳೇ ಹೇಳುತ್ತವೆ. ಬೀದಿಗಳೆಲ್ಲ ಸುಮಾರು ಒಂದೇ ಗಾತ್ರದವೆಂದು ಸದ್ಯಕ್ಕೆ ಇಟ್ಟುಕೊಳ್ಳಿ. 14 ಬೀದಿಗಳ ಸರಾಸರಿ 10.5. ಪ್ರತಿ ಬೀದಿಯ ಸಂಖ್ಯೆಯಿಂದ 10.5ನ್ನು ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಿಸಿದರೆ 513.5 ಬರುತ್ತದೆ. 13ರಿಂದ ಭಾಗಿಸಿದರೆ 39.5. ಅದರ ವರ್ಗಮೂಲ 6.28. ಇದನ್ನು 14ರ ವರ್ಗಮೂಲದಿಂದ ಭಾಗಿಸಿದರೆ 1.68, ಮತ್ತೆ 30ರಿಂದ ಭಾಗಿಸಿದರೆ 0.056. ಪಾಲಿನ ಪ್ರಮಾಣಿತ ದೋಷ ಈಗ ಇದು. ಹಿಂದಿನ 0.0233ರ ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. ಕೇವಲ 14 ಬೀದಿಗಳಿರುವುದರಿಂದ 1.96ರ ಬದಲು, 13 ಸ್ವಾತಂತ್ರ್ಯ ಮಾನಗಳಿಗೆ (ಬೀದಿಗಳ ಸಂಖ್ಯೆಗಿಂತ ಒಂದು ಕಡಿಮೆ) ಸಲ್ಲುವ 2.16ರಿಂದ ಗುಣಿಸಬೇಕು. ಆಗ ಪಾಲಿನ ದೋಷ 12 ಶೇಕಡಾ ಅಂಶ, ಮೊತ್ತದ ದೋಷ ಸುಮಾರು 1,520. ಅಂದರೆ 2,890ರಿಂದ 5,930. ಬಿಡಿ ಮನೆಗಳ ಸೂತ್ರ 565 ಎಂದು ಹೇಳಿದ ಕಡೆ ನಿಮ್ಮ ಬೀದಿಗಳು 1,520 ಎಂದು ಹೇಳುತ್ತಿವೆ. ಪ್ರಮಾಣಿತ ದೋಷಗಳನ್ನು ಹೋಲಿಸಿ ನೋಡಿದರೆ, ನಿಮ್ಮ 420 ಮನೆಗಳು ಬಿಡಿಬಿಡಿಯಾಗಿ ಆರಿಸಿದ ಸುಮಾರು 72 ಮನೆಗಳಷ್ಟು ಮಾಹಿತಿಯನ್ನು ಮಾತ್ರ ಕೊಡುತ್ತವೆ. ಸ್ಥಳೀಯ ಸಮೀಕ್ಷೆಗಳ ವರದಿಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಇದೇ: ಮಾದರಿಯನ್ನು ಗುಚ್ಛವಾಗಿ ಎತ್ತಿ, ದೋಷವನ್ನು ಬಿಡಿ ಮಾದರಿಯ ಸೂತ್ರದಿಂದ ಹೇಳುವುದು. ಇದರಿಂದ ನಡುವಿನ ಸಂಖ್ಯೆ ಕೆಡುವುದಿಲ್ಲ, ಆದರೆ ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದಂತಾಗುತ್ತದೆ. ಅದನ್ನು ನಂಬಿ ಹಣ ಖರ್ಚು ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಶ್ರಮವನ್ನು ಎಲ್ಲಿ ಹಾಕಬೇಕು ಎಂಬುದಕ್ಕೂ ಇಲ್ಲಿಯೇ ಉತ್ತರ ಸಿಗುತ್ತದೆ. 14 ಬೀದಿಗಳಲ್ಲಿ 30 ಮನೆಗಳಂತೆ ನೋಡುವ ಬದಲು 42 ಬೀದಿಗಳಲ್ಲಿ 10 ಮನೆಗಳಂತೆ ನೋಡಿದ್ದರೂ ಒಟ್ಟು 420 ಮನೆಗಳೇ. ಬೀದಿ ಬೀದಿಗಳ ನಡುವಿನ ವ್ಯತ್ಯಾಸವನ್ನೂ ಬೀದಿಯೊಳಗಿನ ವ್ಯತ್ಯಾಸವನ್ನೂ ನಿಮ್ಮ ಅಂಕಿಗಳಿಂದ ಬೇರ್ಪಡಿಸಿ ಲೆಕ್ಕ ಹಾಕಿದರೆ, 1,520ರ ದೋಷ ಸುಮಾರು 940ಕ್ಕೆ ಇಳಿಯುತ್ತಿತ್ತು. ಒಂದು ಮನೆಯನ್ನೂ ಹೆಚ್ಚಿಗೆ ನೋಡದೆ ಇಷ್ಟು ಲಾಭ. ಮುಂದಿನ ವರ್ಷ ಸಮೀಕ್ಷೆ ಮಾಡುವಾಗ ದಯವಿಟ್ಟು ಹೆಚ್ಚು ಬೀದಿಗಳಿಗೆ ಹೋಗಿ, ಪ್ರತಿ ಬೀದಿಯಲ್ಲಿ ಕಡಿಮೆ ಮನೆಗಳನ್ನು ನೋಡಿ.

ಬೀದಿಗಳೆಲ್ಲ ಒಂದೇ ಗಾತ್ರದವೆಂದು ಮೇಲೆ ಇಟ್ಟುಕೊಂಡೆವು. ವಾಸ್ತವದಲ್ಲಿ ಹಾಗಿರುವುದಿಲ್ಲ. 140 ಬೀದಿಗಳಿಂದ 14ನ್ನು ಚೀಟಿ ಎತ್ತಿದಾಗ ಪ್ರತಿ ಬೀದಿಗೂ ಹತ್ತರಲ್ಲೊಂದು ಅವಕಾಶ. ಆದರೆ 60 ಮನೆಗಳಿರುವ ಬೀದಿಯಲ್ಲಿ 30 ಮನೆಗಳನ್ನು ನೋಡಿದರೆ ಎರಡಕ್ಕೊಂದು ಮನೆ ಮಾದರಿಗೆ ಬರುತ್ತದೆ, 210 ಮನೆಗಳಿರುವ ಬೀದಿಯಲ್ಲಿ ಏಳಕ್ಕೊಂದು ಮಾತ್ರ. ಹಾಗಾಗಿ ಮೊದಲ ಬೀದಿಯ ಮನೆಯ ಗುಣಕ 20, ಎರಡನೆಯದರ ಗುಣಕ 70. ಎಲ್ಲಕ್ಕೂ 30 ಎಂದು ಗುಣಿಸಿದರೆ ಚಿಕ್ಕ ಬೀದಿಗಳ ಮಾತು ಊರಿನಲ್ಲಿ ಅವುಗಳಿಗಿರುವ ಪಾಲಿಗಿಂತ ಜೋರಾಗಿ ಕೇಳಿಸುತ್ತದೆ. ಉದಾಹರಣೆಗೆ, ಚಿಕ್ಕ ಬೀದಿಯಲ್ಲಿ 30ಕ್ಕೆ 21 ಕೊಳವೆಬಾವಿಗಳೂ ದೊಡ್ಡ ಬೀದಿಯಲ್ಲಿ 30ಕ್ಕೆ 3 ಕೊಳವೆಬಾವಿಗಳೂ ಸಿಕ್ಕಿದ್ದರೆ, ಸುಮ್ಮನೆ ಕೂಡಿಸಿದಾಗ 60ಕ್ಕೆ 24, ಅಂದರೆ ಶೇ. 40. ಗುಣಕ ಹಾಕಿ ನೋಡಿದರೆ ಎರಡೂ ಬೀದಿಗಳ 270 ಮನೆಗಳಲ್ಲಿ 42 ಮತ್ತು 21, ಒಟ್ಟು 63, ಅಂದರೆ ಶೇ. 23. ವಿಶಾಲ ನಿವೇಶನಗಳಿರುವ ಬೀದಿಗಳಲ್ಲಿ ಮನೆಗಳು ಕಡಿಮೆಯಿದ್ದು ಕೊಳವೆಬಾವಿಗಳು ಹೆಚ್ಚಿರುವುದು ಸಹಜವಾದ್ದರಿಂದ, ನಿಮ್ಮ ಶೇ. 35 ಕೂಡ ಹೀಗೆ ಮೇಲಕ್ಕೆ ಸರಿದಿರುವ ಸಾಧ್ಯತೆ ಸಾಕಷ್ಟಿದೆ. ನಿಮ್ಮ ವಿಷಯದಲ್ಲಿ ಸೂತ್ರ ತುಂಬ ಸರಳ: ಬೀದಿಯಲ್ಲಿರುವ ಒಟ್ಟು ಮನೆಗಳ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಆ ಬೀದಿಯ ಪ್ರತಿ ಮನೆಯ ಗುಣಕ ಸಿಗುತ್ತದೆ. ವಹಿಯಿಂದ 14 ಬೀದಿಗಳ ಮನೆಗಳ ಸಂಖ್ಯೆಯನ್ನು ತೆಗೆದು ಈ ತಿದ್ದುಪಡಿಯನ್ನು ಮೊದಲು ಮಾಡಿ. ಆ ಸಂಖ್ಯೆಗಳು ನಿಮ್ಮ ಪತ್ರದಲ್ಲಿ ಇಲ್ಲದಿರುವುದರಿಂದ ಕೆಳಗಿನ ಲೆಕ್ಕಗಳಲ್ಲಿ ಸಮಾನ ಗುಣಕವನ್ನೇ ಬಳಸಿದ್ದೇನೆ. ಕ್ರಮ ಮಾತ್ರ ಎರಡಕ್ಕೂ ಒಂದೇ.

ಮುಂದಿನ ಪ್ರಶ್ನೆ, ಯಾವ ಸಂಖ್ಯೆಯನ್ನು ಗುಣಿಸಬೇಕು ಎಂಬುದು. ನೀವು ಹೋದ 500 ನಮೂದುಗಳಲ್ಲಿ 40 ಮನೆಗಳೇ ಆಗಿರಲಿಲ್ಲ. ಮಾದರಿಯಲ್ಲಿ ಶೇ. 8ರಷ್ಟು ಮನೆಯಲ್ಲವೆಂದಾದರೆ ಇಡೀ ವಹಿಯಲ್ಲಿಯೂ ಸುಮಾರು ಶೇ. 8 ಹಾಗೆಯೇ ಇರಬೇಕು. ಆದುದರಿಂದ ಮನೆಗಳ ಅಂದಾಜು ಸಂಖ್ಯೆ 12,600 ಅಲ್ಲ, 11,592. ಶೇ. 35ನ್ನು ಇದಕ್ಕೆ ಅನ್ವಯಿಸಿದರೆ 4,057. ಮನೆಗಳನ್ನು ನೋಡಿ ಪಡೆದ ಪಾಲನ್ನು ಮನೆಗಳ ಸಂಖ್ಯೆಗೇ ಗುಣಿಸಬೇಕು, ನಮೂದುಗಳ ಸಂಖ್ಯೆಗಲ್ಲ. ಇದೊಂದೇ ತಿದ್ದುಪಡಿಯಿಂದ 350ಕ್ಕೂ ಹೆಚ್ಚು ಮನೆಗಳು ಲೆಕ್ಕದಿಂದ ಇಳಿದವು.

ಬೀಗ ಹಾಕಿದ್ದ 40 ಮನೆಗಳ ವಿಷಯ ಇದಕ್ಕಿಂತ ಕಷ್ಟದ್ದು. ಅವು ಮನೆಗಳೇ, ಆದರೆ ಅವುಗಳ ಬಗ್ಗೆ ನಮಗೇನೂ ತಿಳಿದಿಲ್ಲ. ಬೀಗ ಕಂಡಾಗ ಮುಂದಿನ ಮನೆಗೆ ಹೋಗುವುದು ವಾಡಿಕೆ, ನಿಮ್ಮ ವಿದ್ಯಾರ್ಥಿಗಳೂ 30 ತುಂಬುವವರೆಗೆ ಹಾಗೆಯೇ ಮಾಡಿದ್ದಾರೆ. ಸಂಖ್ಯೆ ತುಂಬುತ್ತದೆ, ಆದರೆ ಹಗಲಿನಲ್ಲಿ ಯಾರಾದರೂ ಮನೆಯಲ್ಲಿರುವ ಕುಟುಂಬಗಳು ಮಾದರಿಯಲ್ಲಿ ಹೆಚ್ಚಾಗುತ್ತವೆ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆ, ಇಬ್ಬರೂ ಕೂಲಿಗೆ ಹೋಗುವ ಮನೆ, ಮಕ್ಕಳ ಬಳಿ ಬೆಂಗಳೂರಿಗೆ ಹೋಗಿರುವ ಹಿರಿಯರ ಮನೆ, ಎಲ್ಲಕ್ಕೂ ಹಗಲಿನಲ್ಲಿ ಬೀಗವೇ. ಇವುಗಳಲ್ಲಿ ಕೊಳವೆಬಾವಿಯ ಪಾಲು ಉಳಿದವುಗಳಷ್ಟೇ ಇದೆ ಎನ್ನಲು ಯಾವ ಆಧಾರವೂ ಇಲ್ಲ. ಎಲ್ಲ 40ರಲ್ಲೂ ಇಲ್ಲವೆಂದು ಹಿಡಿದರೆ ಮೊತ್ತ 3,704, ಎಲ್ಲದರಲ್ಲೂ ಇದೆ ಎಂದು ಹಿಡಿದರೆ 4,712. ಈ ಸಾವಿರದ ಅಂತರವನ್ನು ಯಾವ ಸೂತ್ರವೂ ಕಡಿಮೆ ಮಾಡಲಾರದು. ಕಡಿಮೆ ಮಾಡಬಲ್ಲದ್ದು ಒಂದು ಭಾನುವಾರದ ಬೆಳಗಿನ ಓಡಾಟ ಮಾತ್ರ.

ವಹಿಯಲ್ಲಿಯೇ ಇಲ್ಲದ ಮನೆಗಳ ಪ್ರಶ್ನೆಯೂ ಇದೆ. ಊರಂಚಿನ ಕಂದಾಯ ಬಡಾವಣೆಗಳು, ಖಾತೆಯಾಗದ ಗುಡಿಸಲುಗಳು ಪಟ್ಟಿಯಲ್ಲಿ ಇಲ್ಲದಿದ್ದರೆ ಅವು ಮಾದರಿಗೆ ಬರುವ ಅವಕಾಶವೇ ಇಲ್ಲ. ಹಾಗಾಗಿ ಮೊತ್ತವು ಆಸ್ತಿ ತೆರಿಗೆ ವಹಿಯಲ್ಲಿರುವ ಮನೆಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹೊರಗಿನಿಂದ ಸಿಗುವ ನಂಬಲರ್ಹ ಮೊತ್ತವೊಂದರಿಂದ ಮಾದರಿಯನ್ನು ತಿದ್ದುವುದು ಇನ್ನೊಂದು ದಾರಿ. ಈ ದಾರಿ ಹಳೆಯದು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1802ರಲ್ಲಿ ತನ್ನ ದೇಶದ ಜನಸಂಖ್ಯೆಯನ್ನು ಜನಗಣತಿ ಇಲ್ಲದೆ ಅಂದಾಜು ಮಾಡಲು ಹೊರಟಾಗ ಬಳಸಿದ್ದು ಇದನ್ನೇ. 30 ಜಿಲ್ಲೆಗಳಲ್ಲಿ ಆರಿಸಿದ ಊರುಗಳಲ್ಲಿ ತಲೆ ಎಣಿಸಿದಾಗ 20,37,615 ಜನರಿದ್ದರು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಆ ಊರುಗಳಲ್ಲಿ ಹುಟ್ಟಿದ ಮಕ್ಕಳು 2,15,599, ವರ್ಷಕ್ಕೆ ಸುಮಾರು 71,866. ಅಂದರೆ ಒಂದು ಜನನಕ್ಕೆ 28.35 ಜನ. ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆಂದಾದರೆ ಜನಸಂಖ್ಯೆ ಸುಮಾರು 2 ಕೋಟಿ 83 ಲಕ್ಷ. ಅಂದಾಜಿನ ದೋಷ ಎಷ್ಟಿರಬಹುದೆಂದು ಸಂಭವನೀಯತೆಯ ಲೆಕ್ಕದಿಂದ ಹೇಳಲು ಪ್ರಯತ್ನಿಸಿದ್ದು ಅವನ ದೊಡ್ಡ ಸಾಧನೆ. ಆದರೆ ಆ ಊರುಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ, ಲೆಕ್ಕವನ್ನು ನಿಖರವಾಗಿ ಒದಗಿಸಬಲ್ಲ ಉತ್ಸಾಹಿ ಮೇಯರ್‌ಗಳಿದ್ದ ಊರುಗಳನ್ನು ಆಯ್ದುಕೊಳ್ಳಲಾಗಿತ್ತು. ಆ ಊರುಗಳು ದೇಶದ ಉಳಿದ ಊರುಗಳಂತೆಯೇ ಇದ್ದವೇ ಎಂಬುದಕ್ಕೆ ಅವನ ಸೂತ್ರದಲ್ಲಿ ಜಾಗವಿರಲಿಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ವಿದ್ಯಾರ್ಥಿಗಳ ಮಾದರಿ ಲಾಪ್ಲಾಸನ ಮಾದರಿಗಿಂತ ಮೇಲು.

ನಿಮಗೆ ನಲ್ಲಿ ಸಂಪರ್ಕಗಳ ಮೊತ್ತ ತಿಳಿದಿದೆ. ಮಾದರಿಯಲ್ಲಿ ನಲ್ಲಿ ಇರುವ ಮನೆಗಳು ಶೇ. 70. ಪುರಸಭೆಯ ಲೆಕ್ಕದಂತೆ 11,592 ಮನೆಗಳಲ್ಲಿ 9,450, ಅಂದರೆ ಶೇ. 81ಕ್ಕೂ ಹೆಚ್ಚು. ಚೀಟಿಯ ಆಟದಲ್ಲಿ ನಲ್ಲಿ ಇಲ್ಲದ ಮನೆಗಳು ನಿಮಗೆ ಸ್ವಲ್ಪ ಹೆಚ್ಚಾಗಿಯೇ ಸಿಕ್ಕಿವೆ, ಮತ್ತು ಕೊಳವೆಬಾವಿಗಳು ಹೆಚ್ಚಿರುವುದು ಅಂಥ ಮನೆಗಳಲ್ಲಿಯೇ. ಆದುದರಿಂದ ಎರಡನ್ನೂ ಬೇರೆ ಬೇರೆಯಾಗಿ ಗುಣಿಸಿ: ನಲ್ಲಿ ಇರುವ 9,450 ಮನೆಗಳಿಗೆ 294ರಲ್ಲಿ 84ರ ಪಾಲಿನಂತೆ 2,700, ನಲ್ಲಿ ಇಲ್ಲದ 2,142 ಮನೆಗಳಿಗೆ ಅರ್ಧದಂತೆ 1,071. ಕೂಡಿಸಿದರೆ 3,771. ಬೀದಿಗಳಿಂದ ಬಂದ 12 ಶೇಕಡಾ ಅಂಶಗಳ ದೋಷವನ್ನು 11,592 ಮನೆಗಳಿಗೆ ಅನ್ವಯಿಸಿದರೆ ಎರಡೂ ಬದಿಗೆ ಸುಮಾರು 1,400. ಮೊದಲಿಗೆ ಹೇಳಿದ 3,800 ಮತ್ತು 2,400ರಿಂದ 5,200ರ ಅಂತರ ಬಂದದ್ದು ಹೀಗೆ. ಒಂದು ಎಚ್ಚರ: ಪುರಸಭೆಯ 9,450 ಸಂಪರ್ಕಗಳೂ ನಿಮ್ಮ ವಿದ್ಯಾರ್ಥಿಗಳು ಬರೆದುಕೊಂಡ ಸಂಪರ್ಕಗಳೂ ಒಂದೇ ಅರ್ಥದವಾಗಿರಬೇಕು. ಒಂದು ಸಂಪರ್ಕವನ್ನು ಎರಡು ಮನೆಗಳು ಹಂಚಿಕೊಂಡಿದ್ದರೆ, ಅಥವಾ ಅನಧಿಕೃತ ಸಂಪರ್ಕವನ್ನೂ ವಿದ್ಯಾರ್ಥಿಗಳು ‘ಇದೆ’ ಎಂದು ಬರೆದಿದ್ದರೆ, ಈ ತಿದ್ದುಪಡಿ ಲೆಕ್ಕವನ್ನು ಸುಧಾರಿಸುವ ಬದಲು ಕೆಡಿಸುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಬಳಸುವವರು ಕೂಡ ಇದೇ ಬಗೆಯ ತಿದ್ದುಪಡಿ ಮಾಡುತ್ತಾರೆ. ಅದರ ಗುಣಕಗಳನ್ನು ಕೂಡಿಸಿದಾಗ ಬರುವ ಜನಸಂಖ್ಯೆ ಜನಗಣತಿ ಆಧಾರಿತ ಅಂದಾಜಿಗಿಂತ ಕಡಿಮೆ ಇರುವುದರಿಂದ, ಪಾಲನ್ನು ಮಾತ್ರ ಸಮೀಕ್ಷೆಯಿಂದ ತೆಗೆದುಕೊಂಡು ಮೊತ್ತವನ್ನು ಜನಗಣತಿಯ ಮೇಲೆ ಕಟ್ಟುತ್ತಾರೆ.

ಇಷ್ಟೆಲ್ಲ ಆದ ಮೇಲೂ ನಮ್ಮ ಕೈಯಲ್ಲಿರುವುದು ಮನೆಗಳ ಸಂಖ್ಯೆ. ಒಂದು ಮನೆಗೆ ಎರಡು ಕೊಳವೆಬಾವಿ ಇರಬಹುದು, ಅಣ್ಣತಮ್ಮಂದಿರ ಮೂರು ಮನೆಗಳಿಗೆ ಒಂದೇ ಇರಬಹುದು. ಎಷ್ಟು ಬಾವಿ, ಎಷ್ಟು ಮನೆಗಳ ನಡುವೆ ಎಂದು ಕೇಳಿದ್ದರೆ ಹಂಚಿಕೊಂಡ ಬಾವಿಯನ್ನು ಪ್ರತಿ ಮನೆಗೂ ಮೂರನೆಯ ಒಂದು ಪಾಲೆಂದು ಹಾಕಿ ಮೊತ್ತ ತೆಗೆಯಬಹುದಿತ್ತು. ಕೇಳಿರದಿದ್ದರೆ ‘ಕೊಳವೆಬಾವಿ ಇರುವ ಮನೆಗಳು’ ಎಂದೇ ಬರೆಯಿರಿ. ಬತ್ತಿದ ಬಾವಿಯನ್ನು ‘ಇದೆ’ ಎಂದು ಬರೆದುಕೊಂಡಿರೋ ‘ಇಲ್ಲ’ ಎಂದೋ ಎಂಬುದನ್ನೂ ವರದಿಯಲ್ಲಿ ಹೇಳಬೇಕು. ಕರ್ನಾಟಕದಲ್ಲಿ ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ 2011ರ ಕಾಯ್ದೆ ಜಾರಿಯಲ್ಲಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಯ ನೋಂದಣಿಯೂ ಕೊರೆಸಲು ಅನುಮತಿಯೂ ಬೇಕು. ಪುರಸಭೆಯ ಪತ್ರ ಹಿಡಿದು ಬಂದ ವಿದ್ಯಾರ್ಥಿಗೆ, ನೋಂದಣಿ ಮಾಡಿಸದ ಮನೆಯವರು ‘ಇಲ್ಲ’ ಎಂದಿದ್ದರೆ ಆಶ್ಚರ್ಯವಿಲ್ಲ. ಇಂಥ ದೋಷಗಳಿಗೆ ಮಾದರಿಯ ಗಾತ್ರ ಹೆಚ್ಚಿಸುವುದು ಮದ್ದಲ್ಲ. 12,600 ನಮೂದುಗಳಿಗೂ ಹೋಗಿ ಕೇಳಿದರೂ ಅವು ಹಾಗೆಯೇ ಉಳಿಯುತ್ತವೆ.

ಭಾರತದ ಮಾದರಿ ಸಮೀಕ್ಷೆಯ ಇತಿಹಾಸದಲ್ಲಿ ಅತ್ಯಂತ ಗಂಭೀರವಾದ ವಾದವೊಂದು ನಡೆದದ್ದು ಈ ವಿಷಯದ ಮೇಲೆಯೇ. ಬಂಗಾಳದಲ್ಲಿ 1930ರ ದಶಕದ ಕೊನೆಯಿಂದ ಸೆಣಬಿನ ಬೆಳೆಯನ್ನು ಮಾದರಿಯಿಂದ ಅಂದಾಜು ಮಾಡಿದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರು ಇಳುವರಿ ಅಳೆಯಲು ಹೊಲದಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಕಟಾವು ಮಾಡಿಸುವುದನ್ನು ಸಮರ್ಥಿಸಿದರು. ತುಂಡು ತುಂಬ ಚಿಕ್ಕದಾದರೆ ಅಂಚಿನ ಮೇಲಿರುವ ಗಿಡಗಳನ್ನು ಕೊಯ್ಯುವವರು ಒಳಗೆ ಸೇರಿಸಿಕೊಳ್ಳುತ್ತಾರೆ, ಹಾಗಾಗಿ ಇಳುವರಿ ನಿಜಕ್ಕಿಂತ ಹೆಚ್ಚು ಬರುತ್ತದೆ ಎಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು ಪ್ರಯೋಗಗಳಿಂದ ತೋರಿಸಿದರು. ಸಾವಿರ ತುಂಡುಗಳನ್ನು ಕೊಯ್ದರೂ ಆ ಹೆಚ್ಚಳ ಸರಾಸರಿಯಲ್ಲಿ ಕರಗುವುದಿಲ್ಲ. ಇಂದು ನಮ್ಮ ರೈತರ ಬೆಳೆ ವಿಮೆ ಪರಿಹಾರ ನಿರ್ಧಾರವಾಗುವುದು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗಗಳಿಂದ, ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಂತೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಪ್ರಮುಖ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗಗಳು ಸಾಕು. ಆದುದರಿಂದ ಅಂಚಿನ ಗಿಡ ಒಳಗೋ ಹೊರಗೋ ಎಂಬುದು ಇವತ್ತಿಗೂ ಹೊಟ್ಟೆಪಾಡಿನ ಪ್ರಶ್ನೆ.

ಮಹಲನೋಬಿಸ್ ಅವರೇ ರೂಪಿಸಿದ ಉಪಾಯವೊಂದನ್ನು ನೀವೂ ಬಳಸಬಹುದು. ಮಾದರಿಯನ್ನು ಎರಡು ಸ್ವತಂತ್ರ ಭಾಗಗಳಾಗಿ ಎತ್ತಿ, ಎರಡು ಬೇರೆ ಬೇರೆ ತಂಡಗಳಿಗೆ ಒಪ್ಪಿಸಿ, ಎರಡೂ ಒಂದೇ ಊರಿನ ಮೊತ್ತವನ್ನು ಹೇಳುವಂತೆ ಮಾಡುವುದು. ಎರಡು ಮೊತ್ತಗಳ ನಡುವಿನ ಅಂತರ ಮಾದರಿಯ ದೋಷಕ್ಕೆ ಸಲ್ಲುವುದಕ್ಕಿಂತ ತುಂಬ ಹೆಚ್ಚಿದ್ದರೆ, ಕೇಳುವ ರೀತಿಯಲ್ಲಿಯೋ ಬರೆದುಕೊಳ್ಳುವ ರೀತಿಯಲ್ಲಿಯೋ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ.

ವಾರ್ಡ್‌ವಾರು ಸಂಖ್ಯೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀವು ಹೋದದ್ದು 14 ಬೀದಿಗಳಿಗೆ. ಕೆಲವು ವಾರ್ಡ್‌ಗಳಿಗೆ ಒಂದೇ ಬೀದಿ ಬಂದಿರುತ್ತದೆ, ಕೆಲವಕ್ಕೆ ಒಂದೂ ಬಂದಿರುವುದಿಲ್ಲ. ಒಂದು ವಾರ್ಡಿನಲ್ಲಿ ಬಿಡಿಯಾಗಿ ಆರಿಸಿದ 20 ಮನೆಗಳಿದ್ದು 11ರಲ್ಲಿ ಕೊಳವೆಬಾವಿ ಕಂಡರೂ ಶೇ. 55ರ ಎರಡೂ ಬದಿಗೆ ಸುಮಾರು 22 ಶೇಕಡಾ ಅಂಶಗಳ ದೋಷವಿರುತ್ತದೆ. ಒಂದೇ ಬೀದಿಯ 30 ಮನೆಗಳಿಂದ ಇಡೀ ವಾರ್ಡಿನ ಮಾತು ಹೇಳುವುದಂತೂ ಸಾಧ್ಯವೇ ಇಲ್ಲ. ಅಂಥ ಸಂಖ್ಯೆಯನ್ನು ಕೊಟ್ಟರೆ ಅದು ಸಭೆಯ ನಡಾವಳಿಗೆ ಸೇರಿ, ಟ್ಯಾಂಕರ್ ಯಾವ ಓಣಿಗೆ ಹೋಗಬೇಕೆಂಬುದನ್ನು ನಿರ್ಧರಿಸಿಬಿಡುತ್ತದೆ. ಸದಸ್ಯರಿಗೆ ಬೇಸರವಾದರೂ ಸರಿಯೇ, ಕೊಡಬೇಡಿ.

ವರದಿಯನ್ನು ಮುದ್ರಿಸುವ ಮೊದಲು ಎರಡು ಕೆಲಸಗಳಿವೆ. 14 ಬೀದಿಗಳ ಮನೆಗಳ ಸಂಖ್ಯೆಯನ್ನು ವಹಿಯಿಂದ ತೆಗೆದು ಗುಣಕಗಳನ್ನು ಸರಿಪಡಿಸುವುದು ಒಂದು. ಬೀಗ ಹಾಕಿದ್ದ 40 ಮನೆಗಳಿಗೆ ಭಾನುವಾರ ಬೆಳಿಗ್ಗೆಯೋ ಸಂಜೆ ಏಳರ ನಂತರವೋ ಮತ್ತೆ ಹೋಗುವುದು ಇನ್ನೊಂದು. 40ರಲ್ಲಿ 25 ಮನೆಯವರು ಸಿಕ್ಕರೂ, ಈಗಿರುವ ಸಾವಿರದ ಕತ್ತಲೆ 380ಕ್ಕಿಂತ ಕೆಳಗಿಳಿಯುತ್ತದೆ. ಇವೆರಡೂ ಆಗುವವರೆಗೆ ಮೊತ್ತವನ್ನು ಹೇಳಲೇಬೇಕಾದ ಸಂದರ್ಭ ಬಂದರೆ ಹೀಗೆ ಬರೆಯಿರಿ: ‘ಪುರಸಭೆಯ ಆಸ್ತಿ ತೆರಿಗೆ ವಹಿಯಲ್ಲಿರುವ ಮನೆಗಳ ಪೈಕಿ ಸುಮಾರು 3,800 ಮನೆಗಳಿಗೆ ಸ್ವಂತ ಕೊಳವೆಬಾವಿ ಇದೆ ಎಂದು ಅಂದಾಜು. 14 ಬೀದಿಗಳ 420 ಮನೆಗಳ ಮಾದರಿಯನ್ನು ಆಧರಿಸಿದ ಈ ಸಂಖ್ಯೆ 2,400ರಿಂದ 5,200ರ ನಡುವೆ ಎಲ್ಲಿಯಾದರೂ ಇರಬಹುದು. ಸಮೀಕ್ಷೆಯ ವೇಳೆ ಬೀಗ ಹಾಕಿದ್ದ 40 ಮನೆಗಳ ಮಾಹಿತಿ ಇದರಲ್ಲಿ ಸೇರಿಲ್ಲ, ಬೀದಿಗಳ ಗಾತ್ರದ ವ್ಯತ್ಯಾಸಕ್ಕೆ ತಿದ್ದುಪಡಿಯನ್ನು ಇನ್ನೂ ಮಾಡಿಲ್ಲ.’